ಮೆತ್ತನೆಯ ಅಂಗಾಂಶ ಕತ್ತರಿಸಲು ಯಾವ ಲೇಸರ್? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯಿ, ಒಸಡು, ನಾಲಿಗೆ, ಗಂಟಲಿನ ಆಪರೇಷನ್ ಬಗ್ಗೆ ಮಾತು ಬಂದರೆ ಈಗ ಎಲ್ಲರೂ ಮೊದಲು ಕೇಳುವುದು ಒಂದೇ: "ಲೇಸರ್‌ನಲ್ಲಿ ಮಾಡ್ತೀರಾ?" ಕೇಳಬೇಕಾದದ್ದು "ಯಾವ ಲೇಸರ್‌ನಲ್ಲಿ?" ಎಂದು. ಯಂತ್ರ ಬದಲಾದರೆ ಗಾಯವೂ ಬದಲಾಗುತ್ತದೆ. ರಕ್ತ ಎಷ್ಟು ಬರುತ್ತದೆ, ಎಷ್ಟು ಆಳ ಸುಡುತ್ತದೆ, ಎಷ್ಟು ದಿನಕ್ಕೆ ಮಾಯುತ್ತದೆ, ಎಲ್ಲವೂ ಬೇರೆಯಾಗುತ್ತದೆ. ಆಪರೇಷನ್‌ಗೆ ಹೊರಟಿರುವವರು, ಅವರ ಮನೆಯವರು, ಮೊದಲ ಲೇಸರ್ ಕೊಳ್ಳಲು ಯೋಚಿಸುತ್ತಿರುವ ಹೊಸ ಡೆಂಟಿಸ್ಟುಗಳು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ಲೇಸರ್ ಅಂದ್ರೆ ಎಲ್ಲಾ ಒಂದೇ ಅಲ್ವಾ?

ಅಲ್ಲ. ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿಗೆ ಹೋಗುವ, ತುಂಬಾ ಚಿಕ್ಕ ಚುಕ್ಕೆಗೆ ಕೂಡಿಸಬಹುದಾದ ಬೆಳಕು. ಆ ಬಣ್ಣ ಯಾವುದು ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಬೆಳಕಿನ ಬಣ್ಣವನ್ನು ತರಂಗಾಂತರದಲ್ಲಿ, ಅಂದರೆ ನ್ಯಾನೋಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್. ಕತ್ತರಿಸಲು ಬಳಸುವ ಹೆಚ್ಚಿನ ಲೇಸರ್‌ಗಳು ಇದರ ಆಚೆ ಇವೆ. ಅವು ಕಣ್ಣಿಗೆ ಕಾಣುವುದೇ ಇಲ್ಲ. ಆಪರೇಷನ್ ಹೊತ್ತಿಗೆ ಕಾಣುವ ಕೆಂಪು ಚುಕ್ಕೆ ಗುರಿ ತೋರಿಸಲು ಇಟ್ಟಿರುವ ಬೇರೆ ಬೆಳಕು. ಕತ್ತರಿಸುವ ಕೆಲಸ ಅದರದ್ದಲ್ಲ.

ಕಣ್ಣಿನ ಪವರ್ ತೆಗೆಯುವ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್‌ನದು. ಹೆಸರಿನಲ್ಲಿ ಲೇಸರ್ ಇದೆ ಎನ್ನುವುದು ಬಿಟ್ಟರೆ ಅದಕ್ಕೂ ಒಸಡು ಕತ್ತರಿಸುವುದಕ್ಕೂ ಸಂಬಂಧವಿಲ್ಲ.

ಬೆಳಕು ಮಾಂಸವನ್ನು ಹೇಗೆ ಕತ್ತರಿಸುತ್ತದೆ?

ನಮ್ಮ ಮೆತ್ತನೆಯ ಅಂಗಾಂಶದಲ್ಲಿ ಜಾಸ್ತಿ ಇರುವುದು ನೀರು. ಜೊತೆಗೆ ರಕ್ತದಲ್ಲಿ ಹಿಮೋಗ್ಲೋಬಿನ್ ಇದೆ, ಬಣ್ಣ ಕೊಡುವ ಮೆಲನಿನ್ ಇದೆ. ಈ ಮೂರರಲ್ಲಿ ಯಾವುದು ಆ ಬೆಳಕನ್ನು ಹೀರುತ್ತದೆ ಎನ್ನುವುದೇ ಮುಖ್ಯ. ಹೀರಿದ ಬೆಳಕು ಬಿಸಿಯಾಗುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಪ್ರೋಟೀನ್ ಗಟ್ಟಿಯಾಗಿ ಅಂಗಾಂಶ ಬೆಳ್ಳಗಾಗುತ್ತದೆ, ರಕ್ತನಾಳ ಕುಗ್ಗಿ ಮುಚ್ಚುತ್ತದೆ. 100 ಡಿಗ್ರಿಗೆ ಒಳಗಿನ ನೀರು ಆವಿಯಾಗಿ ಜೀವಕೋಶ ಒಡೆಯುತ್ತದೆ. ಕತ್ತರಿಸುವುದು ಅಂದರೆ ಇದೇ. 200 ದಾಟಿದರೆ ಕರಕಲಾಗುತ್ತದೆ.

ನೀರು ಚೆನ್ನಾಗಿ ಹೀರುವ ಬೆಳಕಾದರೆ ಮೇಲ್ಪದರದಲ್ಲೇ ಕೆಲಸ ಮುಗಿಯುತ್ತದೆ. ಕೆಳಗೆ ಬಿಸಿ ಹೋಗುವುದಿಲ್ಲ. ನೀರು ಹೀರದ ಬೆಳಕಾದರೆ ಅದು ಮಿಲಿಮೀಟರ್‌ಗಟ್ಟಲೆ ಒಳಗೆ ಹೋಗಿ ಚದುರುತ್ತದೆ. ಮೇಲೆ ನೋಡಿದರೆ ಏನೂ ಆಗಿರುವುದಿಲ್ಲ, ಒಳಗೆ ಬೆಂದಿರುತ್ತದೆ. ಈ ಎರಡು ವಿಷಯ ನೆನಪಿದ್ದರೆ ಕೆಳಗಿನ ಎಲ್ಲ ಉತ್ತರಗಳೂ ಸುಲಭವಾಗಿ ಅರ್ಥವಾಗುತ್ತವೆ.

ಕಾರ್ಬನ್ ಡೈಆಕ್ಸೈಡ್ ಲೇಸರ್ ಬಗ್ಗೆ ಎಲ್ಲರೂ ಅಷ್ಟು ಹೊಗಳುವುದು ಯಾಕೆ?

ಮೆತ್ತನೆಯ ಅಂಗಾಂಶ ಕತ್ತರಿಸುವ ಕೆಲಸಕ್ಕೆ ಅದು ಅಷ್ಟು ಚೆನ್ನಾಗಿ ಹೊಂದುತ್ತದೆ. ತರಂಗಾಂತರ 10,600 ನ್ಯಾನೋಮೀಟರ್. ನೀರು ಈ ಬೆಳಕನ್ನು ಗಬಕ್ಕನೆ ಹೀರುತ್ತದೆ. ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಆಳದಲ್ಲೇ ಬೆಳಕಿನ ಶಕ್ತಿಯೆಲ್ಲ ಖರ್ಚಾಗುತ್ತದೆ. ಹಾಗಾಗಿ ಗೆರೆ ಎಳೆದ ಹಾಗೆ ಕತ್ತರಿಸುತ್ತದೆ. ಅಂಚಿನಲ್ಲಿ ಉಳಿಯುವ ತೆಳು ಬಿಸಿ ಸುಮಾರು ಅರ್ಧ ಮಿಲಿಮೀಟರ್ ಅಗಲದವರೆಗಿನ ರಕ್ತನಾಳಗಳನ್ನು ಮುಚ್ಚುತ್ತದೆ. ನಾಲಿಗೆಯಂಥ ರಕ್ತ ತುಂಬಿದ ಜಾಗದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕಣ್ಣೆದುರಿನ ಜಾಗ ಒಣಗಿರುತ್ತದೆ. ಸರ್ಜನ್‌ಗೆ ತಾನು ಏನು ಕತ್ತರಿಸುತ್ತಿದ್ದೇನೆ ಎಂದು ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಅನುಕೂಲವಿದೆ. ಈ ಲೇಸರ್ ಅಂಗಾಂಶವನ್ನು ಮುಟ್ಟುವುದಿಲ್ಲ. ಹ್ಯಾಂಡ್‌ಪೀಸನ್ನು ಸರಿಯಾದ ದೂರದಲ್ಲಿ ಹಿಡಿದರೆ ಚುಕ್ಕೆ ಚಿಕ್ಕದಾಗಿ ಕತ್ತರಿಸುತ್ತದೆ. ಸ್ವಲ್ಪ ಹಿಂದೆ ಎಳೆದರೆ ಚುಕ್ಕೆ ಅಗಲವಾಗಿ, ಕತ್ತರಿಸುವುದು ನಿಂತು, ರಕ್ತ ಬರುವ ಜಾಗ ಮುಚ್ಚುತ್ತದೆ. ಕೈಯ ಒಂದು ಸಣ್ಣ ಚಲನೆಯಲ್ಲಿ ಎರಡು ಕೆಲಸ.

ತೊಂದರೆಗಳೂ ಇವೆ. ಮಾಮೂಲಿ ಗಾಜಿನ ಫೈಬರ್ ಈ ಬೆಳಕನ್ನು ಸಾಗಿಸಲಾರದು. ಅದಕ್ಕೇ ಕೀಲು ಕೀಲಾಗಿ ಮಡಚುವ ತೋಳು, ಒಳಗೆ ಕನ್ನಡಿಗಳು. ಇಲ್ಲವೇ ಟೊಳ್ಳು ಕೊಳವೆಯಂಥ ವಿಶೇಷ ಫೈಬರ್ ಬೇಕು. ಯಂತ್ರ ದೊಡ್ಡದು, ದುಬಾರಿ. ತೋಳನ್ನು ಎಲ್ಲಾದರೂ ಬಡಿದರೆ ಕನ್ನಡಿ ಸರಿಯುತ್ತದೆ. ಆಗ ಕೆಂಪು ಚುಕ್ಕೆ ಒಂದು ಕಡೆ, ಕಾಣದ ಕತ್ತರಿಸುವ ಬೆಳಕು ಇನ್ನೊಂದು ಕಡೆ! ಅದಕ್ಕೇ ಪ್ರತಿ ಆಪರೇಷನ್‌ಗೆ ಮುಂಚೆ ಒದ್ದೆ ಮಾಡಿದ ಮರದ ಕಡ್ಡಿಯ ಮೇಲೆ, ಗಂಟಲು ನೋಡುವಾಗ ನಾಲಿಗೆ ಒತ್ತಲು ಬಳಸುವಂಥದ್ದರ ಮೇಲೆ, ಒಂದು ಸಲ ಹಾರಿಸಿ ನೋಡುತ್ತೇವೆ. ಕೆಂಪು ಚುಕ್ಕೆಯ ನಡುವೆಯೇ ಕಪ್ಪು ಗುರುತು ಮೂಡಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಯಂತ್ರವನ್ನು ಬದಿಗಿಡಬೇಕು.

ಈ ಲೇಸರ್ ಕಂಡುಹಿಡಿದವರು ನಮ್ಮ ನೆರೆರಾಜ್ಯದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿದ ಕುಮಾರ್ ಪಟೇಲ್. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1964ರಲ್ಲಿ ಇದನ್ನು ಮಾಡಿದರು. ಥಿಯೋಡರ್ ಮೈಮನ್ ಮೊಟ್ಟಮೊದಲ ಲೇಸರನ್ನು ತೋರಿಸಿ ಆಗಿನ್ನೂ ನಾಲ್ಕೇ ವರ್ಷವಾಗಿತ್ತು. 1972ರಲ್ಲಿ ಬಾಸ್ಟನ್‌ನ ಡಾಕ್ಟರುಗಳಾದ ಸ್ಟ್ರಾಂಗ್ ಮತ್ತು ಜಾಕೋ ಇದನ್ನು ಮೈಕ್ರೋಸ್ಕೋಪಿಗೆ ಜೋಡಿಸಿ ಧ್ವನಿಪೆಟ್ಟಿಗೆಯ ಆಪರೇಷನ್‌ಗೆ ಬಳಸಿದ್ದನ್ನು ಪ್ರಕಟಿಸಿದರು. ಇವತ್ತಿಗೂ ಆ ಕೆಲಸದಲ್ಲಿ ಇದಕ್ಕೆ ದೊಡ್ಡ ಜಾಗವಿದೆ.

ಡೆಂಟಲ್ ಕ್ಲಿನಿಕ್‌ಗಳಲ್ಲಿ ಇರುವುದು ಚಿಕ್ಕ ಡಬ್ಬಿ. ಅದು ಯಾವುದು?

ಅದು ಡಯೋಡ್ ಲೇಸರ್. ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಚಿಕ್ಕದು, ಬೆಲೆ ಕಡಿಮೆ, ಬ್ಯಾಟರಿಯಲ್ಲಿ ನಡೆಯುವವೂ ಇವೆ. ತರಂಗಾಂತರ ಸಾಮಾನ್ಯವಾಗಿ 810, 940 ಅಥವಾ 980 ನ್ಯಾನೋಮೀಟರ್.

ಇದರ ಬಗ್ಗೆ ಒಂದು ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕಂಪನಿಯ ಹುಡುಗರು ಯಂತ್ರ ಮಾರಲು ಬಂದಾಗಲೂ ಹೇಳುವುದಿಲ್ಲ. ಈ ತರಂಗಾಂತರಗಳನ್ನು ನೀರು ಅಷ್ಟಾಗಿ ಹೀರುವುದಿಲ್ಲ. ಬೆಳಕನ್ನು ಸುಮ್ನೆ ಒಸಡಿನ ಮೇಲೆ ಬಿಟ್ಟರೆ ಕತ್ತರಿಸುವುದಿಲ್ಲ, ಒಳಗೆ ಹೋಗಿ ಚದುರುತ್ತದೆ. ಹಾಗಾದರೆ ಕತ್ತರಿಸುವುದು ಹೇಗೆ? ಡಾಕ್ಟರು ಶುರು ಮಾಡುವ ಮುಂಚೆ ಏನು ಮಾಡುತ್ತಾರೆ ನೋಡಿ. ಫೈಬರ್‌ನ ತುದಿಯನ್ನು ಒಂದು ಬಿರಡೆಯ ತುಂಡಿಗೋ, ಹಲ್ಲಿನ ಕಚ್ಚು ನೋಡುವ ನೀಲಿ ಕಾಗದಕ್ಕೋ ತಾಗಿಸಿ ಲೇಸರ್ ಹಾರಿಸುತ್ತಾರೆ. ಸಣ್ಣಗೆ ಹೊಗೆ ಬರುತ್ತದೆ. ತುದಿಗೆ ಕಪ್ಪು ಹತ್ತಿಕೊಳ್ಳುತ್ತದೆ. ಆಮೇಲೆ ಗಾಳಿಯಲ್ಲಿ ಹಿಡಿದು ಒತ್ತಿದರೆ ತುದಿ ಕೆಂಡದ ಹಾಗೆ ಹೊಳೆಯುತ್ತದೆ. ಈಗ ತುದಿ ತಯಾರಾಯಿತು. ಲೇಸರ್ ಬೆಳಕನ್ನು ಆ ಕರಿ ಹೀರುತ್ತದೆ, ತುದಿ ನೂರಾರು ಡಿಗ್ರಿ ಕಾಯುತ್ತದೆ, ಕಾದ ತುದಿ ಅಂಗಾಂಶವನ್ನು ಸೀಳುತ್ತದೆ. ಒಲೆಯಲ್ಲಿ ಕಾಯಿಸಿದ ಸರಳಿನಿಂದ ಮರಕ್ಕೆ ತೂತು ಕೊರೆದ ಹಾಗೆ. ಅಂದರೆ ಕತ್ತರಿಸುವುದು ಬಹುಪಾಲು ಬಿಸಿ, ಬೆಳಕಲ್ಲ.

ಹಾಗೆಂದು ಡಯೋಡ್ ಕೆಟ್ಟದ್ದು ಎಂದು ತಿಳಿಯಬೇಡಿ. ಒಸಡಿನ ಅಂಚನ್ನು ಸ್ವಲ್ಪ ಸರಿಪಡಿಸಲು, ಬುದ್ಧಿಹಲ್ಲಿನ ಮೇಲೆ ಬಂದಿರುವ ಚರ್ಮದ ಮುಚ್ಚಳ ತೆಗೆಯಲು, ತುಟಿಯ ಒಳಗಿನ ಪೊರೆ ಬಿಡಿಸಲು ಅದು ಒಳ್ಳೆಯ ಯಂತ್ರ. ರಕ್ತ ಚೆನ್ನಾಗಿ ನಿಲ್ಲುತ್ತದೆ. ಒಸಡಿನ ಸಣ್ಣ ಕೆಲಸಕ್ಕೆ 1ರಿಂದ 2 ವ್ಯಾಟ್ ಸಾಕಾಗುತ್ತದೆ. ಆದರೆ ಕೈ ನಿಧಾನವಾಗಬಾರದು. ಒಂದೇ ಜಾಗದಲ್ಲಿ ತುದಿ ನಿಂತರೆ ಬಿಸಿ ಕೆಳಗಿಳಿಯುತ್ತದೆ. ಒಸಡಿನ ಕೆಳಗೇ ಮೂಳೆ ಇದೆ, ಪಕ್ಕದಲ್ಲಿ ಹಲ್ಲಿನ ಬೇರಿದೆ. ತುದಿಗೆ ಅಂಟಿದ ಅಂಗಾಂಶವನ್ನು ಒದ್ದೆ ಗಾಜ್‌ನಿಂದ, ಅಂದರೆ ಗಾಯಕ್ಕೆ ಬಳಸುವ ತೆಳು ಬಟ್ಟೆಯಿಂದ, ಆಗಾಗ ಒರೆಸಬೇಕು. ಒರೆಸದಿದ್ದರೆ ಅದು ಕತ್ತರಿಸುವ ಬದಲು ಎಳೆಯಲು ಶುರುಮಾಡುತ್ತದೆ. ಆಗ ಪವರ್ ಏರಿಸುವುದು ತಪ್ಪು, ತುದಿ ಬದಲಿಸುವುದು ಸರಿ.

ಎರ್ಬಿಯಂ ಲೇಸರ್‌ನಲ್ಲಿ ನೋವೇ ಇರುವುದಿಲ್ಲ, ಸುಡುವುದೇ ಇಲ್ಲ ಅಂತಾರೆ. ನಿಜವಾ?

ಸುಡುವುದು ತುಂಬಾ ಕಡಿಮೆ ಎನ್ನುವುದು ನಿಜ. ಯಾಗ್ ಎಂಬ ಹರಳಿಗೆ ಎರ್ಬಿಯಂ ಬೆರೆಸಿ ಮಾಡಿದ ಎರ್ಬಿಯಂ ಯಾಗ್‌ನ ತರಂಗಾಂತರ 2,940 ನ್ಯಾನೋಮೀಟರ್. ನೀರು ಅತಿ ಹೆಚ್ಚು ಹೀರುವ ಜಾಗವೇ ಇದು. ಕಾರ್ಬನ್ ಡೈಆಕ್ಸೈಡ್ ಲೇಸರ್ ಬೆಳಕಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಬೆಳಕು ಬಿಟ್ಟು ಬಿಟ್ಟು, ಮಿಡಿತಗಳಲ್ಲಿ ಬರುತ್ತದೆ; ಪ್ರತಿ ಮಿಡಿತಕ್ಕೂ ಮೇಲಿನ ಒಂದು ತೆಳು ಪದರ ಸಿಡಿದು ಹೋಗುತ್ತದೆ, ಕೆಳಗಿನದಕ್ಕೆ ಬಿಸಿ ತಾಗುವುದರೊಳಗೆ ಮಿಡಿತ ಮುಗಿದಿರುತ್ತದೆ. ಜೊತೆಗೆ ನೀರು ಚಿಮ್ಮಿಸುತ್ತಾರೆ. ಇದರ ಹತ್ತಿರದ ಇನ್ನೊಂದು ಲೇಸರ್ 2,780 ನ್ಯಾನೋಮೀಟರ್‌ನದು. ಎರಡೂ ಹಲ್ಲು ಮತ್ತು ಮೂಳೆಯನ್ನೂ ಕತ್ತರಿಸಬಲ್ಲವು. ಬೇರೆ ಲೇಸರ್‌ಗಳಲ್ಲಿ ಈ ಗುಣ ಅಪರೂಪ.

ಆದರೆ ಸುಡದಿದ್ದರೆ ರಕ್ತನಾಳ ಮುಚ್ಚುವವರು ಯಾರು? ಎರ್ಬಿಯಂನಿಂದ ಕತ್ತರಿಸಿದರೆ ರಕ್ತ ಬರುತ್ತದೆ. ಹೆಚ್ಚುಕಮ್ಮಿ ಬ್ಲೇಡಿನಲ್ಲಿ ಕತ್ತರಿಸಿದಂತೆಯೇ. ಊದಿಕೊಂಡ, ಮುಟ್ಟಿದರೆ ರಕ್ತ ಬರುವ ಒಸಡಿಗೆ ಇದು ಸರಿಯಾದ ಆಯ್ಕೆಯಲ್ಲ. ತೆಳ್ಳಗೆ ಸವರಿ ತೆಗೆಯುವ ಕೆಲಸ, ಚರ್ಮದ ಮೇಲ್ಪದರ ತೆಗೆಯುವ ಕೆಲಸ, ಮೂಳೆ ಹತ್ತಿರದ ಕೆಲಸಕ್ಕೆ ಇದು ಚೆನ್ನ.

ನೋವು ಕಡಿಮೆ ಇರಬಹುದು, ಇಲ್ಲವೇ ಇಲ್ಲ ಎನ್ನಲಾಗದು. ಕತ್ತರಿಸುವ ಕೆಲಸ ಯಾವ ಲೇಸರ್‌ನಲ್ಲಾದರೂ ಮರಗಟ್ಟಿಸುವ ಇಂಜೆಕ್ಷನ್ ಕೇಳಿ ಪಡೆಯಿರಿ. ಬೇಡ ಎನ್ನುವುದರಲ್ಲಿ ಏನೂ ಶೌರ್ಯವಿಲ್ಲ.

ಎನ್‌ಡಿ ಯಾಗ್?

ಅದೇ ಯಾಗ್ ಹರಳಿಗೆ ನಿಯೋಡಿಮಿಯಂ ಬೆರೆಸಿದ ಲೇಸರ್, 1,064 ನ್ಯಾನೋಮೀಟರ್. ನೀರು ಕಡಿಮೆ ಹೀರುತ್ತದೆ, ಬೆಳಕು ಕೆಲವು ಮಿಲಿಮೀಟರ್ ಒಳಗೆ ಹೋಗುತ್ತದೆ. ಇದು ಕತ್ತರಿಸುವುದಕ್ಕಿಂತ ಬೇಯಿಸಿ ಗಟ್ಟಿ ಮಾಡುವುದರಲ್ಲಿ ಗಟ್ಟಿಗ. ರಕ್ತನಾಳಗಳ ಗಂಟು, ಉಸಿರುನಾಳದಲ್ಲಿ ರಕ್ತ ಸೋರುವ ಗೆಡ್ಡೆ, ಇಂಥಲ್ಲಿ ಆ ಆಳವೇ ಬೇಕಾದ ಗುಣ. ಬರೀ ಕತ್ತರಿಸಬೇಕಾದಲ್ಲಿ ಅದೇ ಆಳ ಅಪಾಯ. ಒಳಗೆ ಎಷ್ಟು ಬೆಂದಿದೆ ಎಂದು ಆ ಕ್ಷಣಕ್ಕೆ ಮೇಲೆ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ಅಂಗಾಂಶ ಕಳಚಿದಾಗ ಗೊತ್ತಾಗುತ್ತದೆ.

ಹೋಲ್ಮಿಯಂ, ಥುಲಿಯಂ, ಹಸಿರು ಲೇಸರ್ ಎಂದೆಲ್ಲ ಕೇಳುತ್ತೇವಲ್ಲ?

ಇವು ಹೆಚ್ಚಾಗಿ ಯೂರಾಲಜಿಯವರ, ಅಂದರೆ ಕಿಡ್ನಿ ಮತ್ತು ಮೂತ್ರಾಂಗದ ಡಾಕ್ಟರುಗಳ ಕೈಯಲ್ಲಿವೆ. ಹೋಲ್ಮಿಯಂ ಸುಮಾರು 2,100 ನ್ಯಾನೋಮೀಟರ್. ಮಾಮೂಲಿ ಫೈಬರ್‌ನಲ್ಲಿ ಹೋಗುತ್ತದೆ, ನೀರಿನೊಳಗೆ ಕೆಲಸ ಮಾಡುತ್ತದೆ. ಕಿಡ್ನಿ ಕಲ್ಲು ಒಡೆಯಲೂ ಆಗುತ್ತದೆ, ದಪ್ಪಗಾದ ಪ್ರಾಸ್ಟೇಟನ್ನು ಸಿಪ್ಪೆ ಬಿಡಿಸಿ ತೆಗೆಯಲೂ ಆಗುತ್ತದೆ. ಥುಲಿಯಂ ಫೈಬರ್ ಲೇಸರ್ 1,940ರ ಆಸುಪಾಸು. ನೀರು ಇದನ್ನು ಇನ್ನೂ ಜಾಸ್ತಿ ಹೀರುತ್ತದೆ, ಅಂಚು ನಯವಾಗಿರುತ್ತದೆ. ಹಸಿರು ಲೇಸರ್ 532 ನ್ಯಾನೋಮೀಟರ್. ಅದು ನೀರನ್ನು ದಾಟಿ ಹೋಗಿ ರಕ್ತದ ಹಿಮೋಗ್ಲೋಬಿನ್‌ಗೆ ತಾಗುತ್ತದೆ. 445ರ ನೀಲಿ ಲೇಸರ್ ಕೂಡ ಹಾಗೇ ರಕ್ತವನ್ನು ಹುಡುಕಿ ಹೋಗುವಂಥದ್ದು, ಧ್ವನಿತಂತುಗಳ ಕೆಲಸಕ್ಕೆ ಇತ್ತೀಚೆಗೆ ಬಳಕೆಗೆ ಬಂದಿದೆ.

ವ್ಯಾಟ್ ಜಾಸ್ತಿ ಇರುವ ಯಂತ್ರವೇ ಒಳ್ಳೆಯದಾ?

ವ್ಯಾಟ್ ಒಂದನ್ನೇ ನೋಡಿ ಏನೂ ಹೇಳಲಾಗದು. ಅದೇ 5 ವ್ಯಾಟ್ 0.2 ಮಿಲಿಮೀಟರ್ ಅಗಲದ ಚುಕ್ಕೆಗೆ ಬಿದ್ದರೆ ಒಂದು ಚದರ ಮಿಲಿಮೀಟರ್‌ಗೆ ಸುಮಾರು 160 ವ್ಯಾಟ್ ಲೆಕ್ಕವಾಗುತ್ತದೆ. ಚುಕ್ಕೆಯನ್ನು 0.4ಕ್ಕೆ ಅಗಲ ಮಾಡಿದರೆ ಅದು 40ಕ್ಕೆ ಇಳಿಯುತ್ತದೆ. ಅಗಲ ಎರಡು ಪಟ್ಟು, ತೀವ್ರತೆ ಕಾಲು ಭಾಗ. ಕತ್ತರಿಸುವ ಬೆಳಕು ಬೇಯಿಸುವ ಬೆಳಕಾಗಲು ಇಷ್ಟು ಸಾಕು.

ಎರಡನೆಯದು ಮಿಡಿತ. ಬೆಳಕನ್ನು ಒಂದೇ ಸಮನೆ ಬಿಟ್ಟರೆ ಬಿಸಿ ಅಕ್ಕಪಕ್ಕಕ್ಕೆ ಹರಡುತ್ತದೆ. ಜೋರಾಗಿ, ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಬಿಟ್ಟು ನಡುವೆ ಬಿಡುವು ಕೊಟ್ಟರೆ ಅಂಗಾಂಶ ಅಷ್ಟರಲ್ಲಿ ತಣಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಲ್ಲಿ ಮಿಡಿತ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಅಂಚು ಬಿಳಿಯಾಗಿ, ಕರಕಲಿಲ್ಲದೆ ಉಳಿಯುತ್ತದೆ. ಯಂತ್ರದಲ್ಲಿ ಸೂಪರ್‌ಪಲ್ಸ್ ಎನ್ನುವುದು ಇದನ್ನೇ. ಹಳೆಯ ಯಂತ್ರದಲ್ಲಿ ಒಂದೇ ಸಮನೆ ಬಿಡುವ ಬೆಳಕು ಮಾತ್ರ ಇದ್ದರೆ, ಅದೇ ತರಂಗಾಂತರವಾದರೂ ಗಾಯ ಬೇರೆ ಥರ ಇರುತ್ತದೆ. ಮೂರನೆಯದು ಕೈಯ ವೇಗ. ಅದನ್ನು ಯಾವ ಯಂತ್ರವೂ ಕಲಿಸುವುದಿಲ್ಲ.

ಬ್ಲೇಡ್ ಮತ್ತು ಕಾಟರಿಗಿಂತ ಲೇಸರ್ ಮೇಲಾ?

ಕೆಲಸ ನೋಡಿ ಹೇಳಬೇಕು. ಬ್ಲೇಡಿನ ಗಾಯ ಎಲ್ಲಕ್ಕಿಂತ ಬೇಗ ಕೂಡುತ್ತದೆ, ಅಂಚು ಬೇಯುವುದಿಲ್ಲ. ಆದರೆ ರಕ್ತ ಬರುತ್ತದೆ, ಹೊಲಿಗೆ ಬೇಕಾಗುತ್ತದೆ. ಕಾಟರಿ ಅಂದರೆ ಕರೆಂಟಿನ ಬಿಸಿಯಿಂದ ಕತ್ತರಿಸುವ ಉಪಕರಣ. ಅದು ಅಗ್ಗ, ರಕ್ತ ಚೆನ್ನಾಗಿ ನಿಲ್ಲಿಸುತ್ತದೆ, ದೊಡ್ಡ ರಕ್ತನಾಳಕ್ಕೆ ಲೇಸರ್‌ಗಿಂತ ಅದೇ ನಂಬಿಕಸ್ಥ. ಆದರೆ ಕರೆಂಟ್ ಮೈಯೊಳಗೆ ಹರಿಯುತ್ತದೆ, ಪೇಸ್‌ಮೇಕರ್ ಇದ್ದವರಲ್ಲಿ ಎಚ್ಚರ ಬೇಕು, ಅಕ್ಕಪಕ್ಕ ಸುಡುವುದೂ ಹೆಚ್ಚು.

ಲೇಸರ್ ಗಾಯ ಮೊದಲ ಕೆಲವು ದಿನ ಬ್ಲೇಡಿನ ಗಾಯಕ್ಕಿಂತ ನಿಧಾನವಾಗಿ ಮಾಯುತ್ತದೆ. ಇದನ್ನು ಕೇಳಿ ಜನ ಬೇಜಾರಾಗುತ್ತಾರೆ, ಲೇಸರ್ ಅಂದರೆ ಬೇಗ ವಾಸಿ ಎಂದುಕೊಂಡಿರುತ್ತಾರೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಗಾಯದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದು ಮಾಯುವಾಗ ಕಡಿಮೆ ಸೆಳೆದುಕೊಳ್ಳುತ್ತದೆ. ಕೆನ್ನೆಯ ಒಳಬದಿ, ನಾಲಿಗೆಯ ಅಡಿ, ಬಾಯಿಯ ತಳ, ಇಂಥ ಜಾಗ ಬಿಗಿದುಕೊಂಡರೆ ಮಾತು, ಊಟ ಎರಡಕ್ಕೂ ಕಷ್ಟ. ಅಲ್ಲಿ ಹೊಲಿಗೆ ಹಾಕದೆ ತೆರೆದೇ ಬಿಟ್ಟರೂ ಮೆತ್ತಗೆ ಮಾಯುತ್ತದೆ ಎನ್ನುವುದು ದೊಡ್ಡ ಮಾತು.

ಬಾಯಲ್ಲಿ ಬಿಳಿ ಮಚ್ಚೆ ಇದೆ. ಲೇಸರ್‌ನಲ್ಲಿ ಸುಟ್ಟುಬಿಡಬಹುದಾ?

ದಯವಿಟ್ಟು ಬೇಡ. ಮೊದಲು ಬಯಾಪ್ಸಿ, ಅಂದರೆ ಒಂದು ತುಂಡು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು.

ಇದು ನಾವು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ನಮ್ಮ ಕಡೆ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರು ಬಹಳ. ಕೆನ್ನೆಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿ, ಇವು ಕಂಡರೆ ಅದು ಏನು ಎಂದು ತಿಳಿಯದೆ ಆವಿ ಮಾಡಿ ಹೋಗಲಾಡಿಸಬಾರದು. ಆವಿಯಾದ ಅಂಗಾಂಶವನ್ನು ಲ್ಯಾಬಿಗೆ ಕಳಿಸಲು ಆಗುವುದಿಲ್ಲ. ಒಳಗೆ ಕ್ಯಾನ್ಸರ್ ಶುರುವಾಗಿತ್ತಾ ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಬಯಾಪ್ಸಿಗೆ ಬ್ಲೇಡೇ ಒಳ್ಳೆಯದು. ಲೇಸರ್‌ನಲ್ಲಿ ತುಂಡು ತೆಗೆದರೆ ಅಂಚಿನ ಜೀವಕೋಶಗಳು ಬೆಂದು, ಉದ್ದುದ್ದ ಎಳೆದಂತಾಗಿ, ಲ್ಯಾಬಿನ ಡಾಕ್ಟರಿಗೆ ಓದಲು ಕಷ್ಟ. ಚಿಕ್ಕ ತುಂಡನ್ನು ಡಯೋಡಿನಲ್ಲಿ ತೆಗೆದರೆ ಕೆಲವೊಮ್ಮೆ ಓದಲು ಉಳಿಯುವುದೇ ಸ್ವಲ್ಪ. ರಿಪೋರ್ಟ್ ಬಂದ ಮೇಲೆ, ಮಚ್ಚೆಯನ್ನು ಪೂರ್ತಿ ತೆಗೆಯಬೇಕು ಎಂದಾದರೆ ಆಗ ಕಾರ್ಬನ್ ಡೈಆಕ್ಸೈಡ್ ಲೇಸರ್ ಒಳ್ಳೆಯ ಆಯ್ಕೆ. ಆಗಲೂ ಸುಟ್ಟು ಹಾಕುವುದಲ್ಲ, ಸುತ್ತ ಒಂದಿಷ್ಟು ಒಳ್ಳೆಯ ಅಂಗಾಂಶ ಬಿಟ್ಟು, ಪದರವಾಗಿ ಎಬ್ಬಿಸಿ ತೆಗೆದು, ಅದನ್ನೂ ಲ್ಯಾಬಿಗೆ ಕಳಿಸುವುದು.

ಅಡಿಕೆ, ಗುಟ್ಕಾದಿಂದ ಬಾಯಿ ಬಿಗಿದವರಲ್ಲಿ ಒಳಗಿನ ನಾರಿನ ಪಟ್ಟಿಗಳನ್ನು ಲೇಸರ್‌ನಲ್ಲಿ ಬಿಡಿಸುವುದುಂಟು. ಆ ದಿನ ಬಾಯಿ ತೆರೆಯುತ್ತದೆ. ಅಡಿಕೆ ಬಿಡದಿದ್ದರೆ, ತಿಂಗಳುಗಟ್ಟಲೆ ಬಾಯಿ ತೆರೆಯುವ ವ್ಯಾಯಾಮ ಮಾಡದಿದ್ದರೆ ಮತ್ತೆ ಬಿಗಿಯುತ್ತದೆ.

ಒಸಡು ಕಪ್ಪಗಿದೆ. ಲೇಸರ್‌ನಲ್ಲಿ ಗುಲಾಬಿ ಮಾಡ್ತಾರಂತೆ?

ಮಾಡುತ್ತಾರೆ. ಮೆಲನಿನ್ ಇರುವುದು ಮೇಲಿನ ಪದರದ ತಳದಲ್ಲಿ. ಡಯೋಡಿನ ಬೆಳಕನ್ನು ಮೆಲನಿನ್ ಹೀರುತ್ತದೆ, ಎರ್ಬಿಯಂ ಮತ್ತು ಕಾರ್ಬನ್ ಡೈಆಕ್ಸೈಡ್ ಲೇಸರ್ ಆ ಪದರವನ್ನೇ ಸವರಿ ತೆಗೆಯುತ್ತವೆ. ಒಸಡು ತೆಳ್ಳಗಿದ್ದವರಿಗೆ ಡಯೋಡ್ ಬಳಸುವಾಗ ತುಂಬಾ ಎಚ್ಚರ ಬೇಕು, ಕೆಳಗೆ ಮೂಳೆ ಹತ್ತಿರವೇ ಇದೆ. ಬಣ್ಣ ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ಮರಳಬಹುದು. ಅದನ್ನು ಮೊದಲೇ ತಿಳಿದುಕೊಂಡು ಹೋಗಿ. ಮತ್ತೆ, ಕಪ್ಪು ಒಸಡು ಕಾಯಿಲೆಯಲ್ಲ. ನಮ್ಮ ಮೈಬಣ್ಣದವರಲ್ಲಿ ಅದು ಸಹಜ. ನಿಮಗೇ ಬೇಕು ಅನ್ನಿಸಿದರೆ ಮಾಡಿಸಿ, ಯಾರೋ ಅಂದರು ಅಂತ ಬೇಡ.

ಮಗುವಿನ ನಾಲಿಗೆ ಅಂಟಿಕೊಂಡಿದೆ. ಲೇಸರ್ ಬೇಕಾ?

ಮೊದಲು ಕತ್ತರಿಸಬೇಕಾ ಎಂದು ನೋಡಬೇಕು. ನಾಲಿಗೆ ಕೆಳಗಿನ ಪೊರೆ ಎಲ್ಲರಿಗೂ ಇರುತ್ತದೆ. ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಮುಟ್ಟುವ ಅಗತ್ಯವಿಲ್ಲ. ಹಾಲು ಕುಡಿಯಲು ನಿಜಕ್ಕೂ ಕಷ್ಟವಾಗಿ, ಕತ್ತರಿಸಲೇಬೇಕೆಂದರೂ ಹಸುಗೂಸಿನ ತೆಳು ಪೊರೆಗೆ ಕತ್ತರಿಯೇ ಸಾಕು, ಕ್ಷಣದ ಕೆಲಸ. ಸ್ವಲ್ಪ ದೊಡ್ಡ ಮಕ್ಕಳಲ್ಲಿ, ಪೊರೆ ದಪ್ಪಗಿದ್ದರೆ ಲೇಸರ್‌ಗೆ ಅರ್ಥವಿದೆ. ಆಗ ಡಯೋಡಿಗಿಂತ ಕಾರ್ಬನ್ ಡೈಆಕ್ಸೈಡ್ ಅಥವಾ ಎರ್ಬಿಯಂ ಇದ್ದರೆ ಒಳ್ಳೆಯದು, ಬಿಸಿ ಕೆಳಗಿಳಿಯುವುದು ಕಡಿಮೆ. ಅಲ್ಲೇ ಪಕ್ಕದಲ್ಲಿ ಜೊಲ್ಲಿನ ನಾಳದ ಬಾಯಿಗಳಿವೆ.

ಊರೆಲ್ಲ ಪೈಲ್ಸ್ ಲೇಸರ್ ಬೋರ್ಡು. ಅದೂ ಕತ್ತರಿಸುವ ಲೇಸರ್ರಾ?

ಹೆಚ್ಚಿನ ಕಡೆ ಅಲ್ಲ. ಅಲ್ಲಿ ಬಳಸುವುದು ಸಾಮಾನ್ಯವಾಗಿ 1,470 ನ್ಯಾನೋಮೀಟರ್ ಡಯೋಡ್. ಸಣ್ಣ ತೂತಿನಿಂದ ಫೈಬರನ್ನು ಮೂಲವ್ಯಾಧಿಯ ಗಂಟಿನೊಳಗೆ ತೂರಿಸಿ, ಒಳಗಿನಿಂದ ಬಿಸಿ ಮಾಡಿ ಕುಗ್ಗಿಸುತ್ತಾರೆ. ಕಾಲಿನ ಉಬ್ಬಿದ ರಕ್ತನಾಳಕ್ಕೂ ಇದೇ ತರಂಗಾಂತರ ಬಳಸುವುದುಂಟು. ಕತ್ತರಿಸದ ಕಾರಣ ನೋವು ಕಡಿಮೆ. ಆದರೆ ತುಂಬಾ ದೊಡ್ಡದಾಗಿ, ಹೊರಗೇ ಉಳಿದಿರುವ ಗಂಟಿಗೆ ಕತ್ತರಿಸುವ ಆಪರೇಷನ್ನೇ ಬೇಕಾಗಬಹುದು. ಕುಗ್ಗಿಸಿದ ಗಂಟು ಮತ್ತೆ ಊದಬಹುದು. ನಿಮ್ಮದು ಯಾವ ಹಂತ ಎಂದು ಕೇಳದೆ ಪ್ಯಾಕೇಜ್ ದರ ಹೇಳುವ ಕಡೆ ಹೋಗಬೇಡಿ.

ಲೇಸರ್‌ನಿಂದ ರೇಡಿಯೇಷನ್, ಕ್ಯಾನ್ಸರ್ ಬರುತ್ತದಾ?

ಇಲ್ಲ. ಮೇಲೆ ಹೇಳಿದ ಕತ್ತರಿಸುವ ಲೇಸರ್‌ಗಳ ಬೆಳಕು ಎಕ್ಸ್‌ರೇ ಥರದ್ದಲ್ಲ. ಅದು ಜೀವಕೋಶದ ಡಿಎನ್ಎಯನ್ನು ಒಡೆಯುವುದಿಲ್ಲ, ಬಿಸಿ ಮಾಡುತ್ತದೆ ಅಷ್ಟೇ. ಗರ್ಭಿಣಿಯರೂ ಈ ಕಾರಣಕ್ಕೆ ಹೆದರಬೇಕಿಲ್ಲ.

ಕನ್ನಡಕ ಹಾಕಿಸುತ್ತಾರಲ್ಲ, ಯಾವುದಾದರೂ ಆದೀತಾ?

ಆಗದು. ಆ ಕನ್ನಡಕದ ಮೇಲೆ ತರಂಗಾಂತರದ ಸಂಖ್ಯೆ ಅಚ್ಚಾಗಿರುತ್ತದೆ. ಯಂತ್ರದ ಸಂಖ್ಯೆಗೂ ಅದಕ್ಕೂ ತಾಳೆಯಾಗಬೇಕು. ಡಯೋಡ್ ಮತ್ತು ಎನ್‌ಡಿ ಯಾಗ್ ಬೆಳಕು ಕಣ್ಣನ್ನು ದಾಟಿ ಹಿಂದಿನ ರೆಟಿನಾಕ್ಕೆ ಹೋಗುತ್ತದೆ. ಕಣ್ಣಿನ ಮಸೂರವೇ ಅದನ್ನು ಒಂದು ಚುಕ್ಕೆಗೆ ಕೂಡಿಸಿ ಸುಡುತ್ತದೆ, ನೋವೂ ಆಗದೆ ದೃಷ್ಟಿ ಹೋಗಬಹುದು. ಕಾರ್ಬನ್ ಡೈಆಕ್ಸೈಡ್ ಮತ್ತು ಎರ್ಬಿಯಂ ಬೆಳಕು ಮುಂದಿನ ಕಾರ್ನಿಯಾವನ್ನು ಸುಡುತ್ತದೆ. ಒಂದಕ್ಕೆ ಮಾಡಿದ ಕನ್ನಡಕ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ರೋಗಿ, ಡಾಕ್ಟರು, ನರ್ಸ್, ಮಗುವಿನ ಜೊತೆ ಕೂತಿರುವ ಅಮ್ಮ, ಎಲ್ಲರೂ ಹಾಕಬೇಕು. ಹೊಳೆಯುವ ಸ್ಟೀಲ್ ಉಪಕರಣಕ್ಕೆ ತಾಗಿ ಬೆಳಕು ತಿರುಗಿ ಬರುತ್ತದೆ, ಹಾಗಾಗಿ ಹೊಳಪಿಲ್ಲದ ಉಪಕರಣ ಬಳಸಬೇಕು. ಬಾಯೊಳಗಿನ ಕೆಲಸವಾದರೆ ಹಲ್ಲುಗಳ ಮೇಲೆ ಒದ್ದೆ ಗಾಜ್ ಹೊದಿಸಬೇಕು.

ಹೊಗೆ ಬರುತ್ತದಲ್ಲ, ಅದು ಅಪಾಯವಾ?

ಹೌದು, ಮುಖ್ಯವಾಗಿ ದಿನಾ ಅದೇ ಕೋಣೆಯಲ್ಲಿ ಕೆಲಸ ಮಾಡುವವರಿಗೆ. ಹೊಗೆಯಲ್ಲಿ ಸುಟ್ಟ ಅಂಗಾಂಶದ ಕಣಗಳು, ರಾಸಾಯನಿಕಗಳು ಇರುತ್ತವೆ. ನರುಲಿ ಸುಟ್ಟಾಗ ಬರುವ ಹೊಗೆಯಲ್ಲಿ ನರುಲಿಗೆ ಕಾರಣವಾದ ಎಚ್‌ಪಿವಿ ವೈರಸ್‌ನ ಡಿಎನ್ಎ ಸಿಕ್ಕಿದೆ. ಗಾಯದ ಹತ್ತಿರವೇ ಹೊಗೆ ಎಳೆಯುವ ಸಕ್ಷನ್ ಇರಬೇಕು, ಎನ್95 ಮಾಸ್ಕ್ ಬೇಕು. ಮಾಮೂಲಿ ಬಟ್ಟೆ ಮಾಸ್ಕ್, ತೆಳು ಸರ್ಜಿಕಲ್ ಮಾಸ್ಕ್ ಇದನ್ನು ತಡೆಯುವುದಿಲ್ಲ.

ಗಂಟಲಿನ ಲೇಸರ್ ಆಪರೇಷನ್‌ನಲ್ಲಿ ಬೆಂಕಿ ಹತ್ತುವ ಅಪಾಯ ಇದೆಯಂತೆ?

ಅಪರೂಪ, ಆದರೆ ಇದೆ. ಉಸಿರಾಟಕ್ಕೆ ಹಾಕಿದ ಟ್ಯೂಬ್ ಪ್ಲಾಸ್ಟಿಕ್, ಅದರೊಳಗೆ ಆಕ್ಸಿಜನ್, ಎದುರಿಗೆ ಲೇಸರ್. ಮೂರೂ ಸೇರಿದರೆ ಬೆಂಕಿ. ಅದಕ್ಕೇ ಲೇಸರ್ ತಡೆಯುವ ವಿಶೇಷ ಟ್ಯೂಬ್ ಹಾಕುತ್ತಾರೆ. ಅದರ ತುದಿಯ ಬಲೂನಿಗೆ ಗಾಳಿಯ ಬದಲು ನೀಲಿ ಬಣ್ಣ ಬೆರೆಸಿದ ಸಲೈನ್ ತುಂಬುತ್ತಾರೆ. ಬಲೂನಿಗೆ ಲೇಸರ್ ತಾಗಿ ತೂತಾದರೆ ನೀಲಿ ಕಾಣುತ್ತದೆ, ತಕ್ಷಣ ನಿಲ್ಲಿಸುತ್ತಾರೆ. ಆಕ್ಸಿಜನ್ನನ್ನು 30 ಶೇಕಡಕ್ಕಿಂತ ಕಡಿಮೆ ಇಡುತ್ತಾರೆ. ನೈಟ್ರಸ್ ಆಕ್ಸೈಡ್ ಬಳಸುವುದಿಲ್ಲ, ಅದೂ ಬೆಂಕಿಗೆ ಸಹಾಯ ಮಾಡುತ್ತದೆ. ಸುತ್ತ ಒದ್ದೆ ಗಾಜ್, ಕೈಗೆಟಕುವಲ್ಲಿ ಸಲೈನ್ ತುಂಬಿದ ಸಿರಿಂಜ್. ಸರ್ಜನ್ ಮತ್ತು ಅರಿವಳಿಕೆ ಡಾಕ್ಟರು ಪ್ರತಿ ಸಲ ಲೇಸರ್ ಒತ್ತುವ ಮುಂಚೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಈ ಶಿಸ್ತು ಇರುವ ಓಟಿಯಲ್ಲಿ ಮಾಡಿಸಿಕೊಳ್ಳಿ.

ಇಂಪ್ಲಾಂಟ್ ಹಲ್ಲಿನ ಸುತ್ತ ಒಸಡು ಬೆಳೆದಿದೆ. ಯಾವ ಲೇಸರ್?

ಎರ್ಬಿಯಂ ಒಳ್ಳೆಯದು. ಕಾರ್ಬನ್ ಡೈಆಕ್ಸೈಡ್ ಕೂಡ ಎಚ್ಚರದಿಂದ ಬಳಸಬಹುದು, ಇಂಪ್ಲಾಂಟಿನ ಲೋಹವಾದ ಟೈಟಾನಿಯಂ ಆ ಬೆಳಕನ್ನು ಬಹುಪಾಲು ವಾಪಸ್ ಕಳಿಸುತ್ತದೆ. ಎನ್‌ಡಿ ಯಾಗ್ ಟೈಟಾನಿಯಂ ಮೇಲ್ಮೈಯನ್ನು ಕರಗಿಸಿ ಹಾಳು ಮಾಡಬಲ್ಲದು, ಅದು ಬೇಡ. ಕಾಟರಿಯಂತೂ ಇಂಪ್ಲಾಂಟಿಗೆ ತಾಗಲೇಬಾರದು, ಬಿಸಿ ನೇರ ಮೂಳೆಗೆ ಇಳಿಯುತ್ತದೆ.

ನಾನು ಡೆಂಟಿಸ್ಟ್. ಮೊದಲು ಯಾವುದನ್ನು ಕೊಳ್ಳಲಿ?

ನೀವು ವಾರಕ್ಕೆ ಮಾಡುವ ಕೆಲಸಗಳ ಪಟ್ಟಿ ಮೊದಲು ಬರೆದುಕೊಳ್ಳಿ. ಒಸಡಿನ ಸಣ್ಣಪುಟ್ಟ ಕೆಲಸವೇ ಹೆಚ್ಚಿದ್ದರೆ ಡಯೋಡ್ ಸಾಕು, ಸಾಲ ಮಾಡಿ ದೊಡ್ಡದು ತರಬೇಡಿ. ಬಾಯಿಯ ಮಚ್ಚೆ, ನಾಲಿಗೆ, ದೊಡ್ಡ ಗಂಟುಗಳ ಕೆಲಸ ನಿಯಮಿತವಾಗಿ ಮಾಡುವವರು ಕಾರ್ಬನ್ ಡೈಆಕ್ಸೈಡ್ ನೋಡಿ. ಹಲ್ಲು, ಮೂಳೆ, ಒಸಡು ಮೂರಕ್ಕೂ ಒಂದೇ ಬೇಕೆಂದರೆ ಎರ್ಬಿಯಂ. ಯಂತ್ರದ ಬೆಲೆಯ ಜೊತೆಗೆ ತುದಿ, ಫೈಬರ್, ಕನ್ನಡಕ, ಸರ್ವಿಸ್ ಖರ್ಚು ಕೇಳಿ. ಹತ್ತಿರದಲ್ಲಿ ಸರ್ವಿಸ್ ಎಂಜಿನಿಯರ್ ಇದ್ದಾರಾ ಕೇಳಿ. ಕೊಂಡ ಮೇಲೆ ಮೊದಲು ಅಂಗಡಿಯಿಂದ ತಂದ ಮಾಂಸದ ತುಂಡಿನ ಮೇಲೆ ಕೈ ಕೂರುವವರೆಗೂ ಅಭ್ಯಾಸ ಮಾಡಿ. ಕತ್ತರಿಸಿದ ಜಾಗವನ್ನು ಬ್ಲೇಡಿನಿಂದ ಅಡ್ಡ ಸೀಳಿ, ಬೆಳ್ಳಗೆ ಬೆಂದ ಪಟ್ಟಿ ಎಷ್ಟು ಅಗಲವಿದೆ ಎಂದು ನೋಡಿ. ಪವರ್, ಮಿಡಿತ, ವೇಗ ಬದಲಿಸಿ ಮತ್ತೆ ನೋಡಿ. ಎರಡು ದಿನದ ಕೋರ್ಸ್ ಕಲಿಸದ್ದನ್ನು ಆ ಪಟ್ಟಿ ಕಲಿಸುತ್ತದೆ.

ರೋಗಿಯಾಗಿ ನಾನು ಡಾಕ್ಟರನ್ನು ಏನು ಕೇಳಬೇಕು?

ಯಾವ ಲೇಸರ್, ನನ್ನ ಕೆಲಸಕ್ಕೆ ಅದೇ ಯಾಕೆ, ಬ್ಲೇಡಿನಲ್ಲಿ ಮಾಡಿದರೆ ಏನು ವ್ಯತ್ಯಾಸ, ತೆಗೆದದ್ದನ್ನು ಲ್ಯಾಬಿಗೆ ಕಳಿಸುತ್ತೀರಾ? ಸಂಕೋಚ ಬೇಡ. ಕೆಲಸ ಗೊತ್ತಿರುವ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಸಂತೋಷವೇ ಆಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವೇ ನಿಲ್ಲಿಸಬೇಡಿ.

ಮನೆಗೆ ಬಂದ ಮೇಲೆ ಗಾಯ ಬಿಳಿ, ಹಳದಿ ಆಗಿದೆ. ಕೀವಾ?

ಬಹುತೇಕ ಅಲ್ಲ. ಬಾಯಲ್ಲಿ ಲೇಸರ್ ಗಾಯವನ್ನು ಹೊಲಿಯದೆ ಬಿಡುವುದರಿಂದ ಮೇಲೆ ಫೈಬ್ರಿನ್ ಎಂಬ ಬಿಳಿಹಳದಿ ಪೊರೆ ಕಟ್ಟುತ್ತದೆ. ಅದೇ ಗಾಯದ ಬ್ಯಾಂಡೇಜ್. ಉಜ್ಜಬೇಡಿ, ಕೀಳಬೇಡಿ. ಒಂದೆರಡು ವಾರದಲ್ಲಿ ಅದು ತಾನೇ ಹೋಗಿ ಕೆಳಗಿನಿಂದ ಗುಲಾಬಿ ಬರುತ್ತದೆ. ದೊಡ್ಡ ಗಾಯವಾದರೆ ಮೂರು ನಾಲ್ಕು ವಾರ. ಮೊದಲ ದಿನ ನೋವಿಲ್ಲದೆ ಮೂರನೇ ನಾಲ್ಕನೇ ದಿನ ನೋವು ಏಳುವುದೂ ಉಂಟು, ಹೆದರಬೇಡಿ. ಗಂಜಿ, ಮೊಸರನ್ನ, ತಣ್ಣಗಿನ ರಾಗಿ ಅಂಬಲಿ ಒಳ್ಳೆಯದು. ಖಾರ, ಉಪ್ಪಿನಕಾಯಿ, ಬಿಸಿ ಬಿಸಿ ಕಾಫಿ ಕೆಲವು ದಿನ ಬೇಡ. ಬೀಡಿ ಸಿಗರೇಟು, ಅಡಿಕೆ ಮುಟ್ಟಲೇಬೇಡಿ. ಉಪ್ಪು ನೀರಿನಲ್ಲಿ ಮೆತ್ತಗೆ ಬಾಯಿ ಮುಕ್ಕಳಿಸಿ. ಹತ್ತು ಹದಿನೈದು ನಿಮಿಷ ಗಾಜ್ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಊತ ಏರುತ್ತಲೇ ಹೋದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.